ಗಂಟೆ ಹೊಡೆದ ಮೇಲೆ ಕಳೆ ಕೀಳುವಂತಿಲ್ಲ

ನಮ್ಮ ಕಡೆ 'ಮಗ ಕಾನ್ವೆಂಟಿಗೆ ಹೋಗ್ತಾನೆ' ಅಂದರೆ ಟೈ ಕಟ್ಟಿಕೊಂಡು ವ್ಯಾನ್ ಹತ್ತಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗ್ತಾನೆ ಅಂತ ಅರ್ಥ. ಅಲ್ಲಿ ಸಿಸ್ಟರುಗಳು ಇರಲೇಬೇಕು ಅಂತೇನಿಲ್ಲ. ಸೊರಬದ ಹತ್ತಿರದ ಹಳ್ಳಿಯಲ್ಲಿ ಬೆಳೆದ ನಾನು ನಿಜವಾದ ಸಿಸ್ಟರುಗಳನ್ನು ನೋಡಿದ್ದೇ ಶಿವಮೊಗ್ಗದಲ್ಲಿ ಕಾಲೇಜು ಸೇರಿದ ಮೇಲೆ, ಅದೂ ಬಸ್ ಸ್ಟ್ಯಾಂಡಿನಲ್ಲಿ, ಕೈಯಲ್ಲಿ ಕೊಡೆ ಹಿಡಿದು ಸುಮ್ನೆ ನಿಂತಿದ್ದವರನ್ನು. ಹಾಗಾಗಿ ಇಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ, ಕಾಲಿಗೆ ಕೆಸರು ಮೆತ್ತಿದ ಬೂಟು, ಮೈಮೇಲೆ ನೀಲಿ ಜೀನ್ಸ್ ಬಟ್ಟೆಯ ನಿಲುವಂಗಿ, ತಲೆಗೆ ವಸ್ತ್ರ, ಇಷ್ಟನ್ನೂ ಹಾಕಿಕೊಂಡು ಟ್ರ್ಯಾಕ್ಟರ್ ಓಡಿಸುತ್ತಾ ಎದುರಿಗೆ ಬಂದ ಸನ್ಯಾಸಿನಿಯನ್ನು ನೋಡಿ ನಾನು ದಾರಿ ಬಿಡೋದನ್ನೇ ಮರೆತು ನಿಂತೆ.

ಊರಿನ ಹೆಸರು ಬೆತ್ಲೆಹೇಮ್. ಹೌದು, ಯೇಸು ಹುಟ್ಟಿದ ಊರಿನ ಹೆಸರೇ. ಕ್ರಿಸ್‌ಮಸ್ ಹತ್ತಿರ ಬಂದಾಗ ದೂರದೂರದ ಜನ ಶುಭಾಶಯ ಪತ್ರದ ಮೇಲೆ ಈ ಊರಿನ ಮುದ್ರೆ ಬೀಳಲಿ ಅಂತಲೇ ಇಲ್ಲಿನ ಪುಟ್ಟ ಅಂಚೆ ಕಚೇರಿಗೆ ಬರುತ್ತಾರೆ. ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ಇಲ್ಲಿ ರೆಜಿನಾ ಲಾಡಿಸ್ ಅನ್ನೋ ಬೆನೆಡಿಕ್ಟೈನ್ (ಅಂದರೆ ಸಂತ ಬೆನೆಡಿಕ್ಟ್ ಬರೆದ ನಿಯಮದಂತೆ ಬಾಳುವ) ಸನ್ಯಾಸಿನಿಯರ ಮಠ ಇದೆ. ಹೆಚ್ಚುಕಡಿಮೆ 400 ಎಕರೆ: ಕಾಡು, ಹುಲ್ಲುಗಾವಲು, ತರಕಾರಿ ತೋಟ, ಕೊಟ್ಟಿಗೆ, ಜೇನು, ಕುರಿ. ಶುರುವಾಗಿದ್ದು 1947ರಲ್ಲಿ. ಶುರು ಮಾಡಿದವರು ಮದರ್ ಬೆನೆಡಿಕ್ಟ್ ಡಸ್. ಹುಟ್ಟಿದ್ದು ಅಮೆರಿಕ, ಬೆಳೆದದ್ದು ಫ್ರಾನ್ಸ್, ಪ್ಯಾರಿಸ್‌ನಲ್ಲಿ ಡಾಕ್ಟರಿಕೆ ಓದಿ ಆಮೇಲೆ ಜುವಾರ್ ಅನ್ನೋ ಊರಿನ ಮಠ ಸೇರಿದವರು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಬಂದಾಗ ಅಮೆರಿಕದವಳು ಅಂತ ಗೊತ್ತಾದರೆ ಕಷ್ಟ ಎಂದು ಅಡಗಿಕೊಂಡೇ ಇರಬೇಕಾಗಿತ್ತು. 1944ರ ಆಗಸ್ಟ್‌ನಲ್ಲಿ ಅಮೆರಿಕದ ಜನರಲ್ ಪ್ಯಾಟನ್ ಅವರ ಸೈನ್ಯ ಊರನ್ನು ಬಿಡಿಸಿದಾಗ, ಈ ಋಣಕ್ಕೆ ಅಮೆರಿಕದಲ್ಲೊಂದು ಮಠ ಕಟ್ಟುತ್ತೇನೆ ಅಂದುಕೊಂಡರಂತೆ. ಕಥೆ ಅಲ್ಲಿಗೇ ನಿಲ್ಲಲಿಲ್ಲ. ಅದೇ ಪ್ಯಾಟನ್ ಅವರ ಮೊಮ್ಮಗಳು ಮುಂದೆ ಈ ಮಠಕ್ಕೇ ಸನ್ಯಾಸಿನಿಯಾಗಿ ಬಂದರು. ಸಿನಿಮಾದಲ್ಲಿ ತೋರಿಸಿದ್ದರೆ 'ಅತಿ ಆಯ್ತು' ಅಂತ ನಗುತ್ತಿದ್ದೆವು.

ಸಿನಿಮಾ ಅಂದಾಗ ನೆನಪಾಯಿತು. ಹೆಸರಾಂತ ಹಾಡುಗಾರ ಎಲ್ವಿಸ್ ಪ್ರೀಸ್ಲಿ ಜೊತೆ ನಾಯಕಿಯಾಗಿದ್ದ ಡೊಲೊರೆಸ್ ಹಾರ್ಟ್ ಸಿನಿಮಾ ಬಿಟ್ಟು 1963ರಲ್ಲಿ ಸೇರಿದ್ದು ಇದೇ ಮಠಕ್ಕೆ. ಅಮೆರಿಕದವರಿಗೆ ಈ ಜಾಗದ ಬಗ್ಗೆ ಗೊತ್ತಿರೋದು ಹೆಚ್ಚಾಗಿ ಅಷ್ಟೇ. ನನಗೆ ಅದಕ್ಕಿಂತ ಅಲ್ಲಿನ ಹಸುಗಳ ವಿಷಯ ಜಾಸ್ತಿ ಇದೆ ಹೇಳೋಕೆ.

ನಾವು ಹೋಗಿದ್ದು ಮೇ ಕೊನೆಯಲ್ಲಿ, ಎರಡು ರಾತ್ರಿಗೆ. ಅತಿಥಿಗಳು ಉಳಿಯಬಹುದು, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಮನೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹಾಸ್ಟೆಲ್ ಜೀವನ ವಾಪಸ್ ಬಂತು ಅಂತ ನನ್ನ ಗಂಡನಿಗೆ ಖುಷಿಯೋ ಖುಷಿ. ಇಲ್ಲಿನ ಸನ್ಯಾಸಿನಿಯರು ಮಠದ ಗಡಿ ದಾಟಿ ಸುಮ್ಮನೆ ಹೊರಗೆ ಓಡಾಡುವವರಲ್ಲ. ಪ್ರಾರ್ಥನೆಯ ಹೊತ್ತಲ್ಲಿ ಅವರು ಕಂಬಿಯ ಆಚೆ, ನಾವು ಈಚೆ. ಮಂಗಳೂರಿನವರಿಗೆ ಇದು ಹೊಸದಲ್ಲ. 1870ರಲ್ಲೇ ಫ್ರಾನ್ಸಿನಿಂದ ಬಂದ ಕಾರ್ಮೆಲ್ ಸನ್ಯಾಸಿನಿಯರು ಅಲ್ಲಿ ಇಂಥದ್ದೇ ಮಠ ಶುರು ಮಾಡಿದ್ದರು. ಆದರೆ ತೋಟದಲ್ಲಿ ಕಂಬಿ ಇಲ್ಲ. ಕೆಲಸ ಮಾಡೋಕೆ ಇಷ್ಟ ಇದ್ದರೆ ಕೈಗೊಂದು ಗುದ್ದಲಿ ಕೊಡುತ್ತಾರೆ. ನನಗೆ ಸಿಕ್ಕಿದ್ದು ಈರುಳ್ಳಿ ಮಡಿಯ ಕಳೆ.

ಮಲೆನಾಡಿನವಳು, ಕಳೆ ಕೀಳೋದು ನನಗೆ ಹೇಳಿಕೊಡಬೇಕಾ ಅನ್ನೋ ಜಂಬದಲ್ಲಿ ಕೂತೆ. ಹತ್ತು ನಿಮಿಷದಲ್ಲಿ ಪಕ್ಕದ ಸಾಲಿನ ಕ್ಯಾರೆಟ್ ಸಸಿಗಳನ್ನೂ ಕಳೆ ಅಂದುಕೊಂಡು ಒಂದು ಗೇಣು ಕಿತ್ತು ಬಿಸಾಕಿದ್ದೆ. ತೋಟ ನೋಡಿಕೊಳ್ಳುವ ಮದರ್ (ಇಲ್ಲಿ ಹಿರಿಯರನ್ನು ಮದರ್ ಅಂತಲೇ ಕರೆಯೋದು) ನೋಡಿದರು, ಬೈಯಲಿಲ್ಲ, ಕಿತ್ತಿದ್ದನ್ನು ಎತ್ತಿ ಮೂಸಿ ನೋಡಿ ನನ್ನ ಮೂಗಿನ ಹತ್ತಿರವೂ ಹಿಡಿದರು. ಕ್ಯಾರೆಟ್ ವಾಸನೆ. ಆಮೇಲೆ ಒಂದೊಂದನ್ನೂ ಮೂಸಿಯೇ ಕಿತ್ತೆ.

ಮಣ್ಣಲ್ಲಿ ಕಲ್ಲೋ ಕಲ್ಲು. ಈ ಭಾಗದಲ್ಲಿ ಎಲ್ಲಿ ನೋಡಿದರೂ ಮೊಣಕಾಲೆತ್ತರದ ಹಳೇ ಕಲ್ಲುಗೋಡೆಗಳು ಕಾಣುತ್ತವೆ, ಕಾಡಿನ ಒಳಗೂ. ಹಿಂದಿನ ರೈತರು ಹೊಲದಿಂದ ಆರಿಸಿ ತೆಗೆದ ಕಲ್ಲುಗಳವು. ಆರಿಸಿದರೆ ಮುಗಿಯೋದೂ ಇಲ್ಲ. ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ, ಕೆಳಗಿನ ಕಲ್ಲನ್ನು ಪ್ರತಿ ವರ್ಷ ಒಂದಿಷ್ಟು ಮೇಲಕ್ಕೆ ತಳ್ಳುತ್ತದೆ. ವಸಂತ ಬಂದಾಗ ಮೊದಲ ಬೆಳೆ ಕಲ್ಲಿನದೇ. ನಮ್ಮೂರಲ್ಲಿ ಮಂಗ ಮತ್ತು ಹಂದಿಯ ಕಾಟ, ಇವರಿಗೆ ಜಿಂಕೆ. ಬೇಲಿ ಎಷ್ಟು ಎತ್ತರ ಇದ್ದರೂ ಜಿಂಕೆ ಅದರಾಚೆ ನಿಂತು ಬೀನ್ಸ್ ಸಾಲನ್ನೇ ನೋಡುತ್ತಿರುತ್ತದೆ.

ಜಿಂಕೆ ಜೊತೆ ಉಣುಗು ಬರುತ್ತದೆ. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ತೂರಿಸಿಕೋ ಅಂತ ಮೊದಲೇ ಹೇಳಿದ್ದರು, ಸಂಜೆ ಮೈಯೆಲ್ಲಾ ನೋಡಿಕೋ ಅಂತಲೂ. ಉಣುಗು ಕಚ್ಚಿ ಬರುವ ಲೈಮ್ ಕಾಯಿಲೆಗೆ ಆ ಹೆಸರು ಬಂದಿದ್ದು ಇದೇ ಕನೆಕ್ಟಿಕಟ್‌ನ ಲೈಮ್ ಅನ್ನೋ ಊರಿನಿಂದ. ನನಗೆ ನಗು ಬಂತು. ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹೆಸರೂ ಹೀಗೇ ಒಂದು ಉಣುಗಿನ ಕಾಯಿಲೆಗೆ ಅಂಟಿಕೊಂಡು, 1957ರಿಂದ ಪುಸ್ತಕಗಳಲ್ಲಿ ಕೂತಿದೆ. ನಾವು ಮಂಗನ ಕಾಯಿಲೆ ಅಂತೀವಿ ಅಷ್ಟೆ. ಚಿಕ್ಕವಳಿದ್ದಾಗ ದರಕು (ಒಣಗಿದ ಎಲೆ) ಒಟ್ಟೋಕೆ ಹೋಗುವ ಮೊದಲು ಅಜ್ಜಿ ಕೈಕಾಲಿಗೆ ಎಣ್ಣೆ ಮೆತ್ತಿ ಕಳಿಸುತ್ತಿದ್ದಳು. ಎರಡು ಉಣುಗಿನ ಊರುಗಳ ಮಧ್ಯೆ ನನ್ನ ಜೀವನ ಅಂತ ಆ ಮದರ್‌ಗೆ ಹೇಳಿದೆ. ಅವರು ಕೆಲಸ ನಿಲ್ಲಿಸಿ ಕ್ಯಾಸನೂರು ಅನ್ನೋದನ್ನು ಎರಡು ಸಲ ಹೇಳಿ ಕಲಿತರು.

ಆಗ ಪ್ರಾರ್ಥನೆಯ ಗಂಟೆ ಹೊಡೆಯಿತು. ಅರ್ಧ ಸಾಲು ಬಾಕಿ ಇತ್ತು, ಮೋಡ ಬೇರೆ ಕಟ್ಟುತ್ತಿತ್ತು. ಇನ್ನು ಹತ್ತೇ ನಿಮಿಷ ಕೂತರೆ ಮುಗಿದೇ ಹೋಗುತ್ತಿತ್ತು. ಮದರ್ ಎದ್ದು ಕೈ ಒದರಿಕೊಂಡು ಹೊರಟೇ ಹೋದರು, ಬುಟ್ಟಿ ಸಾಲಿನ ಮಧ್ಯೆಯೇ ಉಳಿಯಿತು. ಇವರ ಗುರು ಸಂತ ಬೆನೆಡಿಕ್ಟ್ 6ನೇ ಶತಮಾನದಲ್ಲಿ ಬರೆದಿಟ್ಟ ನಿಯಮ ಅದು: ಗಂಟೆ ಕೇಳಿದ ತಕ್ಷಣ ಕೈಯಲ್ಲಿರೋದನ್ನು ಅಲ್ಲೇ ಬಿಟ್ಟು ಬರಬೇಕು. ಹಗಲು ಏಳು ಸಲ, ರಾತ್ರಿ ಎದ್ದು ಒಂದು ಸಲ. ಎಲ್ಲವೂ ಲ್ಯಾಟಿನ್‌ನಲ್ಲಿ, ವಾದ್ಯ ಇಲ್ಲದೆ, ಎಲ್ಲರ ಉಸಿರೂ ಒಂದೇ ಅನ್ನೋ ಹಾಗೆ ಹಾಡುತ್ತಾರೆ. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಅಪ್ಪನ ಮಂತ್ರಗಳೂ ನನಗೆ ಅರ್ಥವಾಗುತ್ತಿರಲಿಲ್ಲ ಬಿಡಿ.

ನನಗೆ ನಿಜವಾಗಿಯೂ ಕಾಡಿದ ಪ್ರಶ್ನೆ ಬೇರೆ. ಕಳೆ ಕಾಯುತ್ತದೆ ಸರಿ, ಹಸು ಕಾಯುತ್ತಾ? ಕರು ಹಾಕುವ ಹಸು ಗಂಟೆ ಹೊಡೆಯಿತು ಅಂತ ನಿಲ್ಲಿಸುತ್ತಾ? ಕೇಳಿಯೇಬಿಟ್ಟೆ. ಕೊಟ್ಟಿಗೆಯ ಸಿಸ್ಟರ್ ನಕ್ಕು, ಹಸುವಿನ ಹತ್ತಿರ ಇರಬೇಕಾದವರು ಹಸುವಿನ ಹತ್ತಿರವೇ ಇರುತ್ತಾರೆ ಅಂದರು. ಕೆಚ್ಚಲು ತುಂಬಿದ ಹಸುವೂ ಒಂದು ಗಂಟೆಯೇ ಅಲ್ವಾ.

ಹಸುಗಳು ಡಚ್ ಬೆಲ್ಟೆಡ್ ಅನ್ನೋ ತಳಿ. ಮುಂದೆ ಕಪ್ಪು, ಹಿಂದೆ ಕಪ್ಪು, ನಡುವಿಗೆ ಅಗಲವಾದ ಬಿಳಿ ಪಟ್ಟಿ, ಯಾರೋ ಪಂಚೆ ಸುತ್ತಿದ ಹಾಗೆ. ಈಗ ಅಪರೂಪದ ತಳಿಯಂತೆ. ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ಸಗಣಿ, ಹುಲ್ಲು, ಬಿಸಿ ಹಾಲು ಎಲ್ಲಾ ಸೇರಿದ ವಾಸನೆ. ಇಷ್ಟು ವರ್ಷದಲ್ಲಿ ಅಮೆರಿಕದ ಯಾವ ಜಾಗವೂ ನನಗೆ ಹಾಗೆ ಮನೆಯ ವಾಸನೆ ಹೊಡೆದಿರಲಿಲ್ಲ. ಕೇಳದೇ ಸಲಿಕೆ ತೆಗೆದುಕೊಂಡು ಸಗಣಿ ಬಾಚಿದೆ. ಗಂಡ ಬಾಗಿಲಲ್ಲಿ ನಿಂತು ಫೋಟೋ ತೆಗೆದ, ಒಳಗೆ ಬರಲಿಲ್ಲ. ಬೆಂಗಳೂರಿನ ಬಸವನಗುಡಿಯವರು ಅವರು, ಹಸು ಅಂದರೆ ಗೃಹಪ್ರವೇಶಕ್ಕೆ ಬರೋದು ಅಂತ ತಿಳಿದವರು.

ಈ ಹಾಲಿನಿಂದ ಇವರು ಚೀಸ್ ಮಾಡುತ್ತಾರೆ, ಹಾಲು ಕಾಯಿಸದೆ. ಅದರ ಹಿಂದೆ ಮದರ್ ನೋಯೆಲ್ಲಾ ಮಾರ್ಸೆಲ್ಲಿನೋ ಅವರ ಕಥೆ ಇದೆ. ನಮ್ಮ ಅಜ್ಜಿಯರು ಕೇಳಿದ್ದರೆ ತಲೆದೂಗುತ್ತಿದ್ದರು. 1970ರ ದಶಕದಲ್ಲಿ ಫ್ರಾನ್ಸಿನ ಓವರ್ನ್ ಕಡೆಯ, ಮನೆತನದಿಂದಲೇ ಚೀಸ್ ಮಾಡುವ ಹೆಂಗಸೊಬ್ಬರಿಂದ ಇವರು ವಿದ್ಯೆ ಕಲಿತರು. ಹಾಲು ಹಾಕೋದು ಮರದ ಪೀಪಾಯಿಗೆ. 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೇರೆ ಯಾವುದೋ ಚೀಸ್ ತಿಂದು ಲಿಸ್ಟೀರಿಯಾ ಸೋಂಕಿನಿಂದ ಜನ ಸತ್ತರು. ಆಮೇಲೆ ತಪಾಸಣೆಯವರು ಎಲ್ಲ ಕಡೆ ಬಿಗಿ ಮಾಡಿದರು. ಮರ ಬೇಡ, ಸ್ಟೀಲ್ ಪಾತ್ರೆ ಬಳಸಿ ಅಂದರು. ಸ್ಟೀಲ್ ಬಂದ ಮೇಲೆ ಚೀಸ್‌ನಲ್ಲೇ ಇ ಕೋಲಿ ಅನ್ನೋ ಕೆಟ್ಟ ಬ್ಯಾಕ್ಟೀರಿಯಾ ಕಾಣಿಸಿಕೊಂಡಿತು. ಆಗ ಮದರ್ ಒಂದು ಪರೀಕ್ಷೆ ಮಾಡಿದರು. ಒಂದೇ ಹಾಲನ್ನು ಮರದ ಪೀಪಾಯಿಗೂ ಸ್ಟೀಲ್ ಪಾತ್ರೆಗೂ ಹಾಕಿ, ಎರಡಕ್ಕೂ ಬೇಕಂತಲೇ ಇ ಕೋಲಿ ಬೆರೆಸಿದರು. ಸ್ಟೀಲಿನದರಲ್ಲಿ ಅದು ಆರಾಮಾಗಿ ಬೆಳೆಯಿತು, ಮರದ್ದರಲ್ಲಿ ಇಳಿದುಹೋಯಿತು. ಮರದ ಸಂದಿನಲ್ಲಿ ಮನೆ ಮಾಡಿಕೊಂಡಿದ್ದ ಒಳ್ಳೆಯ ಬ್ಯಾಕ್ಟೀರಿಯಾ ಹಾಲನ್ನು ಹುಳಿ ಮಾಡಿ, ಕೆಟ್ಟದ್ದಕ್ಕೆ ಜಾಗ ಇಲ್ಲದ ಹಾಗೆ ಮಾಡಿತ್ತು. ಪೀಪಾಯಿಗೇ ಹೆಪ್ಪು ಹಿಡಿದಿತ್ತು ಅನ್ನಿ. ಅಷ್ಟಕ್ಕೇ ಬಿಡದೆ ಅವರು ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಪಿಎಚ್‌ಡಿ ಮಾಡಿದರು, ಫ್ರಾನ್ಸಿನ ಊರೂರು ತಿರುಗಿ ನೆಲಮಾಳಿಗೆಗಳ ಬೂಸ್ಟು ಸಂಗ್ರಹಿಸಿದರು. ಜಮೀನು ಚೆನ್ನಾಗಿ ನೋಡಿಕೊಳ್ಳಬೇಕು ಅಂದರೆ ಓದಿರಬೇಕು ಅಂತ ಇನ್ನೂ ಕೆಲವರನ್ನು ಮಠವೇ ಅಲ್ಲಿಗೆ ಓದೋಕೆ ಕಳಿಸಿತ್ತು.

ಚೀಸ್ ನಾನು ತಿನ್ನಲಿಲ್ಲ. ಹಳೇ ಪದ್ಧತಿಯ ಚೀಸ್‌ನಲ್ಲಿ ಹಾಲು ಒಡೆಯೋಕೆ ಹಾಕುವ ರೆನೆಟ್ ಕರುವಿನ ಹೊಟ್ಟೆಯಿಂದ ಬರೋದು. ಅದನ್ನು ತಿಳಿದ ಮೇಲೆ ನನ್ನ ಕೈ ಮುಂದೆ ಹೋಗೋದಿಲ್ಲ. ಗಂಡು ಕರುಗಳನ್ನು ಏನು ಮಾಡುತ್ತೀರಿ ಅಂತಲೂ ನಾನು ಕೇಳಲಿಲ್ಲ. ನಮ್ಮೂರಲ್ಲಿ ಅದೇ ಪ್ರಶ್ನೆ ಕೇಳಿದರೆ ಎಷ್ಟು ಜನ ನೇರ ಉತ್ತರ ಕೊಡುತ್ತಾರೆ ಹೇಳಿ? ಗಂಡ ತಿಂದ, ಚೆನ್ನಾಗಿದೆ ಅಂದ, ಅಂಗಡಿಯಿಂದ ಒಂದು ತುಂಡು ಕಟ್ಟಿಸಿಕೊಂಡ. ನಾನು ಜೇನು ತಗೊಂಡೆ.

ಹೊರಡುವ ದಿನ ಬೆಳಿಗ್ಗೆ ಉಪಕರಣಗಳ ಕೋಣೆ ನೋಡಿದೆ. ಗುದ್ದಲಿ, ಕುಡುಗೋಲು, ಕತ್ತರಿ ಎಲ್ಲಾ ತೊಳೆದು ಒರೆಸಿ ಒಂದೊಂದು ಮೊಳೆಗೆ ನೇತು ಹಾಕಿತ್ತು. ನಮ್ಮ ಮನೆಯಲ್ಲಿ ಹೀಗೆ ಕಾಣೋದು ಆಯುಧಪೂಜೆಯ ದಿನ ಮಾತ್ರ, ಮಾರನೇ ದಿನ ಕತ್ತಿ ಎಲ್ಲೋ, ಹಾರೆ ಎಲ್ಲೋ. ಮಠದ ಸಾಮಾನುಗಳನ್ನೆಲ್ಲ ಪೂಜೆಯ ಪಾತ್ರೆಗಳ ಹಾಗೆ ನೋಡಿಕೊಳ್ಳಬೇಕು ಅಂತ ಅದೇ ನಿಯಮದ ಪುಸ್ತಕದಲ್ಲಿದೆ. ವರ್ಷಕ್ಕೆ 365 ಆಯುಧಪೂಜೆ. ನಾನು ಕಳೆ ಕಿತ್ತ ಕೈಗುದ್ದಲಿಯ ಹಿಡಿಗೆ ಮಣ್ಣು ಮೆತ್ತಿಕೊಂಡೇ ಇತ್ತು. ಯಾರೂ ನೋಡದ ಹಾಗೆ ಒರೆಸಿಟ್ಟು ಬಂದೆ.

ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿ ಫೋಟೋ ಕಳಿಸಿದೆ.

"ಏನೇ ಇದು? ಇಲ್ಲಿದ್ದಾಗ ಕೊಟ್ಟಿಗೆ ಕಡೆ ತಲೆ ಹಾಕ್ತಿರಲಿಲ್ಲ, ಅಲ್ಲಿ ಹೋಗಿ ದುಡ್ಡು ಕೊಟ್ಟು ಸಗಣಿ ಬಾಚ್ತೀಯಾ?"

"ದುಡ್ಡು ಕೇಳಿಲ್ಲಮ್ಮ, ನಾವೇ ಕೈಲಾದಷ್ಟು ಕೊಟ್ವಿ."

ಅಮ್ಮ ಫೋಟೋ ದೊಡ್ಡದು ಮಾಡಿ ನೋಡಿದಳು. ಸನ್ಯಾಸಿನಿಯರ ಬಗ್ಗೆ, ಲ್ಯಾಟಿನ್ ಬಗ್ಗೆ, ಸಿನಿಮಾ ನಟಿಯ ಬಗ್ಗೆ ಏನೂ ಕೇಳಲಿಲ್ಲ.

"ಆ ಪಟ್ಟಿ ಹಸು ಹೊತ್ತಿಗೆ ಎಷ್ಟು ಹಾಲು ಕೊಡುತ್ತೆ?"

"ಕೇಳಿಲ್ಲಮ್ಮ."

"ಹಸು ನೋಡೋಕೆ ಹೋಗಿ ಅದನ್ನೇ ಕೇಳದೆ ಬಂದ್ಯಾ?"

ಬೇಸಿಗೆಯಲ್ಲಿ ಹುಲ್ಲು ಕೊಯ್ಲಿನ ಹೊತ್ತಿಗೆ ಮತ್ತೆ ಹೋಗೋದಿದೆ. ಮೊದಲು ಅದನ್ನೇ ಕೇಳುತ್ತೇನೆ.