ಚೀನೀ ಹಿರಿಯರಿಗೆ 'ನಿನ್' ಅಂದರೆ ಸಾಕೇ?

ಚೀನೀ ಭಾಷೆ ಕಲಿಯಲು ಕೂತ ಕನ್ನಡಿಗರು ಬಹುಬೇಗ ಕೇಳುವ ಪ್ರಶ್ನೆ ಇದು: 'ನೀನು' ಅನ್ನಲು 'ನಿ', 'ನೀವು' ಅನ್ನಲು 'ನಿನ್' ಇದೆಯಲ್ಲ, ಹಿರಿಯರ ಜೊತೆ ಎರಡನೆಯದನ್ನು ಬಳಸಿದರೆ ಆಯಿತಲ್ಲವೇ? (ನಮ್ಮ ಕಿವಿಗೆ ಈ ಗೌರವದ ಮಾತೇ 'ನಿನ್ನ' ಅಂದಂತೆ ಕೇಳುತ್ತದೆ, ಇರಲಿ.)

ಆಗುವುದಿಲ್ಲ. 'ನಿನ್' ಹೆಚ್ಚಾಗಿ ಬೀಜಿಂಗ್ ಮತ್ತು ಉತ್ತರದ ಊರುಗಳ ಮಾತು. ದಕ್ಷಿಣದ ಎಷ್ಟೋ ಮನೆಗಳಲ್ಲಿ ಅಜ್ಜಿಗೂ 'ನಿ' ಅಂತಲೇ ಅನ್ನುತ್ತಾರೆ, ಯಾರಿಗೂ ಬೇಸರವಿಲ್ಲ. ಸಲಿಗೆ ಬೆಳೆದ ಮೇಲೆ ಇದ್ದಕ್ಕಿದ್ದಂತೆ 'ನಿನ್' ಅಂದರೆ ಕುಟುಕಿದಂತೆಯೂ ಕೇಳಿಸಬಹುದು.

ಮರ್ಯಾದೆಯನ್ನು ಅಳೆಯುವುದು ನೀವು ಹೇಗೆ ಕರೆಯುತ್ತೀರಿ ಎಂಬುದರಿಂದ. ಹಿರಿಯರು ಬಂದೊಡನೆ ತಾಯಂದಿರು ಮಕ್ಕಳಿಗೆ 'ಜ್ಯಾವ್ ರೆನ್' ಅನ್ನುತ್ತಾರೆ. ಅಂದರೆ 'ಬಂದವರನ್ನು ಕರಿ'. ಎಲ್ಲರಿಗೂ ಸೇರಿಸಿ ಒಂದು 'ನಿ ಹಾವ್' (ನಮಸ್ಕಾರ) ಎಸೆದರೆ ಲೆಕ್ಕಕ್ಕಿಲ್ಲ. ದೊಡ್ಡವರಿಂದ ಶುರುಮಾಡಿ ಒಬ್ಬೊಬ್ಬರನ್ನೂ ಸಂಬಂಧ ಹಿಡಿದು ಕರೆಯಬೇಕು. ಇದರಲ್ಲಿ ನಮಗೆ ಅರ್ಧ ದಾರಿ ಮೊದಲೇ ಗೊತ್ತು. ದೊಡ್ಡಪ್ಪ 'ಬೊಬೊ', ಚಿಕ್ಕಪ್ಪ 'ಶೂಶು', ಸೋದರಮಾವ 'ಜ್ಯೋಜ್ಯೋ', ಸೋದರತ್ತೆ 'ಗೂಗು'. ಎಡವುವುದು ಅಜ್ಜನ ಬಳಿ: ತಂದೆಯ ತಂದೆ 'ಯೇಯೆ', ತಾಯಿಯ ತಂದೆ 'ವಾಯ್‌ಗೊಂಗ್', ಉತ್ತರದಲ್ಲಾದರೆ 'ಲಾವ್‌ಯೆ'.

ಪರಿಚಯವಿಲ್ಲದವರಿಗೂ ಇವೇ ಪದಗಳು ನಡೆಯುತ್ತವೆ. ನಿಮ್ಮ ತಂದೆಯ ವಯಸ್ಸಿನವರು 'ಶೂಶು', ತಾಯಿಯ ವಯಸ್ಸಿನವರು 'ಆಯಿ'. ಐವತ್ತರ ಹೆಂಗಸಿಗೆ 'ನಾಯ್‌ನಾಯ್' (ಅಜ್ಜಿ) ಅಂದುಬಿಟ್ಟರೆ ಮುಖ ಗಂಟಾಗುತ್ತದೆ. ಅನುಮಾನವಿದ್ದರೆ ಒಂದು ತಲೆಮಾರು ಕಡಿಮೆ ಮಾಡಿ ಕರೆಯಿರಿ. ಕೆಲಸದ ಜಾಗದಲ್ಲಿ ಮನೆತನದ ಹೆಸರು ಮೊದಲು, ಹುದ್ದೆ ಆಮೇಲೆ. ಮೇಷ್ಟ್ರಾದರೆ 'ವಾಂಗ್ ಲಾವ್‌ಷಿ'. ಹಿರಿಯರ ಸ್ವಂತ ಹೆಸರು ಹಿಡಿದು ಕರೆಯುವುದು ಬೇಡವೇ ಬೇಡ. ವಯಸ್ಸು ಕೇಳಬಹುದು, ಆದರೆ 'ಜಿ ಸ್ವೇ' ಅಂತಲ್ಲ, ಅದು ಚಿಕ್ಕ ಮಕ್ಕಳನ್ನು ಕೇಳುವ ರೀತಿ. 'ದುವೊ ದಾ ನ್ಯೆನ್‌ಜಿ' ಅನ್ನಿ.

ಊಟದಲ್ಲಿ ಲೋಟ ತಾಗಿಸುವಾಗ ನಿಮ್ಮ ಲೋಟದ ಅಂಚು ಅವರದಕ್ಕಿಂತ ಕೆಳಗಿರಲಿ. ಉಡುಗೊರೆಯಾಗಿ ಗೋಡೆ ಗಡಿಯಾರ ಒಯ್ಯಬೇಡಿ: 'ಗಡಿಯಾರ ಕೊಡು' ಅನ್ನುವ ಮಾತು, ಸಾಯುವವರನ್ನು ಕೊನೆಗಾಲದಲ್ಲಿ ನೋಡಿಕೊಳ್ಳುವುದು ಎಂಬ ಮಾತಿನಂತೆಯೇ ಕೇಳುತ್ತದೆ.

ಮುಖಾಮುಖಿ ಇಷ್ಟಾದರೂ ನಿಭಾಯಿಸಬಹುದು, ಕೆಡುವುದು ಹೆಚ್ಚು ಚೀನೀಯರ ವಾಟ್ಸಾಪ್‌ನಂತಿರುವ ವೀಚ್ಯಾಟ್‌ನಲ್ಲಿ. ಬರೀ ಮುಗುಳ್ನಗುವ ಹಳದಿ ಮುಖವನ್ನು ಹಿರಿಯರು ಪ್ರೀತಿಯಿಂದಲೇ ಕಳಿಸುತ್ತಾರೆ, ಕಿರಿಯರು ಅದನ್ನು ತಾತ್ಸಾರ ಅಂತ ಓದಿಕೊಳ್ಳುತ್ತಾರೆ. ಟೈಪ್ ಮಾಡುವುದು ಕಷ್ಟವೆಂದು ಹಿರಿಯರು 60 ಸೆಕೆಂಡಿನ ಧ್ವನಿ ಸಂದೇಶಗಳನ್ನು ಸಾಲಾಗಿ ಕಳಿಸುತ್ತಾರೆ. ಸಂದೇಶವನ್ನು ಒತ್ತಿ ಹಿಡಿದರೆ ಅಕ್ಷರಕ್ಕೆ ತಿರುಗಿಸುವ ಆಯ್ಕೆ ಬರುತ್ತದೆ, ಆದರೆ ಅಜ್ಜಿ ಊರಿನ ನುಡಿಯಲ್ಲಿ ಮಾತಾಡಿದ್ದರೆ ಎಷ್ಟೋ ಸಲ ಬರುವುದು ಕಲಸುಮೇಲೋಗರ. ಆಗ ಕೇಳಿಯೇ ತೀರಬೇಕು.

ಇನ್ನು, 'ಬಾವ್ ಶಿ ಬು ಬಾವ್ ಯೋ' ಎಂಬ ಮಾತಿದೆ: ಸಿಹಿ ಸುದ್ದಿ ಹೇಳು, ಕಹಿ ಸುದ್ದಿ ಹೇಳಬೇಡ. ದೂರದ ಮಕ್ಕಳು ಕೆಲಸ ಹೋದದ್ದನ್ನು ಮುಚ್ಚಿಡುತ್ತಾರೆ, ಮನೆಯವರು ಆಸ್ಪತ್ರೆ ಸೇರಿದ್ದನ್ನು. ಹಾಗಾಗಿ 'ಆರೋಗ್ಯವೇ?' ಎಂಬ ಪ್ರಶ್ನೆಗೆ ಬರುವ ಉತ್ತರ 'ಮೇ ಷಿ' ಅಷ್ಟೇ, 'ಏನೂ ಇಲ್ಲ ಬಿಡು'. ಅದಕ್ಕೇ ನೇರವಾಗಿ ಕೇಳದೆ 'ಊಟ ಆಯ್ತಾ?' ಅಂತ ಶುರುಮಾಡಿ, ಏನು ಅಡುಗೆ, ಯಾರು ಮಾಡಿದ್ದು, ಬೆಳಿಗ್ಗೆ ವಾಕಿಂಗ್ ಹೋಗಿದ್ದಿರಾ ಎಂದು ಕೇಳುತ್ತಾ ಹೋಗಿ. ಅಡುಗೆ ಮಾಡಿದ್ದು ಪಕ್ಕದ ಮನೆಯವರು ಅಂತ ಉತ್ತರ ಬಂದರೆ ಏನೋ ಮುಚ್ಚಿಟ್ಟಿರಬಹುದು, ಅಲ್ಲಿಂದ ಮುಂದೆ ಕೇಳಿ.