ಮಳೆಗಾಲದ ಕುದುರೆಮುಖ: ವ್ಯೂ ಸಿಗದಿದ್ದರೂ ಪರವಾಗಿಲ್ಲ

ಜುಲೈ, ಆಗಸ್ಟಿನಲ್ಲಿ ಕುದುರೆಮುಖ ಹತ್ತಿ ಬಂದವರನ್ನು ಕೇಳಿ ನೋಡಿ. ಹೆಚ್ಚಿನವರು ಹೇಳುವುದು ಒಂದೇ ಮಾತು: "ಏನೂ ಕಾಣಲಿಲ್ಲ ಗುರು, ಬರೀ ಮಂಜು." ಹೇಳುವಾಗ ಮುಖದಲ್ಲಿ ಟಿಕೆಟ್ ತಗೊಂಡು ಸಿನಿಮಾ ಕ್ಯಾನ್ಸಲ್ ಆದಷ್ಟು ಬೇಜಾರು. ನನಗೆ ಇದು ಅರ್ಥವಾಗುವುದಿಲ್ಲ. ಬೆಟ್ಟದ ತುದಿಗೆ ಹೋಗಿ ದೂರ ನೋಡುವುದೇ ಚಾರಣ ಅಂತ ಯಾರು ಹೇಳಿದರು? ಕುದುರೆಮುಖದಲ್ಲಿ ನೋಡಬೇಕಾದದ್ದೆಲ್ಲ ಹತ್ತು ಅಡಿ ಸುತ್ತಲೇ ಇರುತ್ತದೆ, ಅದೂ ಮಳೆ ಹೊಯ್ಯುವಾಗ.

ಹೋಗುವ ದಾರಿ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಕಳಸಕ್ಕೆ ಬಸ್ಸಿದೆ. ಅಲ್ಲಿಂದ ಸಂಸೆ, ಬಾಳೆಗಲ್ ಕಡೆ ಬಂದರೆ ಮುಂದೆ ಮುಳ್ಳೋಡಿಗೆ ಜೀಪೇ ಗತಿ. ಆ ರಸ್ತೆಯನ್ನು ರಸ್ತೆ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು, ಆದರೆ ಅಲ್ಲಿನ ಡ್ರೈವರ್‌ಗಳು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಗಾಜಿನ ಮೇಲಿನ ಹಬೆ ಒರೆಸುತ್ತಾ ಆರಾಮಾಗಿ ಊರಿನ ಸುದ್ದಿ ಹೇಳುತ್ತಿರುತ್ತಾರೆ. ಮುಳ್ಳೋಡಿಯಲ್ಲಿ ಹೋಮ್‌ಸ್ಟೇಗಳಿವೆ. ಬೆಳಿಗ್ಗೆ ಬಿಸಿ ಕಡುಬು, ಚಟ್ನಿ ತಿಂದು, ಮಧ್ಯಾಹ್ನಕ್ಕೆ ಅವರೇ ಕಟ್ಟಿಕೊಡುವ ಚಿತ್ರಾನ್ನ ಚೀಲಕ್ಕೆ ಹಾಕಿಕೊಂಡು ಹೊರಟರೆ ಆಯಿತು. ಹೋಗಿ ಬರಲು ಹೆಚ್ಚುಕಮ್ಮಿ 18ರಿಂದ 20 ಕಿಲೋಮೀಟರ್. ಇಡೀ ದಿನದ ಕೆಲಸ.

ಶುರುವಿನಲ್ಲಿ ದಾರಿ ಅಂಥ ಕಷ್ಟವೇನಲ್ಲ. ಕಾಡು, ಹಳ್ಳ, ಮತ್ತೆ ಕಾಡು, ಮತ್ತೆ ಹಳ್ಳ. ಮೊದಲನೇ ಹಳ್ಳದಲ್ಲಿ ಶೂ ಒದ್ದೆಯಾಗಬಾರದು ಅಂತ ಕಲ್ಲಿನಿಂದ ಕಲ್ಲಿಗೆ ಹಾರುವವರನ್ನು ನೋಡಿದರೆ ನಗು ಬರುತ್ತದೆ. ಇನ್ನರ್ಧ ಗಂಟೆಗೆ ಅವರೂ ನೀರಿನಲ್ಲೇ ನಡೆಯುತ್ತಿರುತ್ತಾರೆ. ಒಂಟಿಮರ ದಾಟಿದ ಮೇಲೆ ಹುಲ್ಲುಗಾವಲು ಬಿಚ್ಚಿಕೊಳ್ಳುತ್ತದೆ. ಗಾಳಿ ಪಕ್ಕದಿಂದ ಹೊಡೆಯುತ್ತದೆ, ಮಳೆಯೂ ಪಕ್ಕದಿಂದಲೇ ಬರುತ್ತದೆ, ಛತ್ರಿ ತಂದವರು ಅಲ್ಲೇ ಮಡಚಿ ಚೀಲದೊಳಗೆ ತುರುಕುತ್ತಾರೆ. ತುದಿ ಸುಮಾರು 1,890 ಮೀಟರ್ ಎತ್ತರದಲ್ಲಿದೆ. ತುದಿಗಿಂತ ಸ್ವಲ್ಪ ಕೆಳಗೆ ಹಳೆಯ ಚರ್ಚೊಂದರ ಪಾಳು ಗೋಡೆಗಳಿವೆ. ಮಂಜಿನಲ್ಲಿ ಅವು ಎದುರಿಗೆ ಬರುವ ತನಕ ಗೊತ್ತೇ ಆಗುವುದಿಲ್ಲ.

ಹುಲ್ಲುಗಾವಲಿನಲ್ಲಿ ನಿಂತು ಸ್ವಲ್ಪ ಕಾಲಬುಡ ನೋಡಿ. ಈ ಬೆಟ್ಟಗಳಲ್ಲಿ ಏಣಿನ, ಅಂದರೆ ಬೆಟ್ಟದ ಬೆನ್ನಿನ, ಮೇಲೆಲ್ಲಾ ಹುಲ್ಲು, ಎರಡು ಗುಡ್ಡದ ಸಂದಿಯಲ್ಲಿ ಮಾತ್ರ ದಟ್ಟ ಕಾಡು. ಅದೇ ಶೋಲಾ. ತುಂಬಾ ಜನ ಹುಲ್ಲು ನೋಡಿದ ಕೂಡಲೇ "ಮರ ಎಲ್ಲಾ ಕಡಿದುಬಿಟ್ಟಿದ್ದಾರೆ" ಅನ್ನುತ್ತಾರೆ. ಹಾಗಲ್ಲ. ಏಣಿನ ಮೇಲೆ ಮಣ್ಣು ತೆಳು, ಗಾಳಿ ಜೋರು, ಬೇಸಿಗೆಯಲ್ಲಿ ಬೆಂಕಿಯ ಕಾಟ. ಅಲ್ಲಿ ಹುಲ್ಲೇ ಸರಿ. ಮಣ್ಣು, ತೇವ ಸಂದಿಗೆ ಇಳಿದು ನಿಲ್ಲುವುದರಿಂದ ಮರಗಳೂ ಅಲ್ಲೇ ಕೂತಿವೆ. ಹುಲ್ಲಿನ ಬೇರು, ಶೋಲಾದೊಳಗಿನ ಕೊಳೆತ ಎಲೆಯ ಕಪ್ಪು ಮಣ್ಣು, ಎರಡೂ ಸೇರಿ ಮಳೆ ನೀರನ್ನು ಕುಡಿದು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಜನವರಿಯಲ್ಲಿ ಬಂದರೂ ಇಲ್ಲಿ ಹಳ್ಳಗಳು ಹರಿಯುತ್ತಿರುವುದು ಅದಕ್ಕೇ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇರುವುದು ಇದೇ ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ. ಎರಡು ನದಿ ಪೂರ್ವಕ್ಕೆ ಹೋಗಿ ಕೂಡ್ಲಿಯಲ್ಲಿ ಸೇರುತ್ತವೆ, ನೇತ್ರಾವತಿ ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಾಳೆ. ನೀವು ಬೈದುಕೊಂಡು ನಡೆಯುವ ಮಳೆ ದಾವಣಗೆರೆಯವರ ಗದ್ದೆಗೂ ಹೋಗುತ್ತದೆ, ಮಂಗಳೂರಿನವರ ನಲ್ಲಿಗೂ ಹೋಗುತ್ತದೆ.

ಇಷ್ಟು ನೀರಿರುವ ಜಾಗದಲ್ಲೇ ಗಣಿ ತೋಡಿದ್ದರು ಅನ್ನುವುದು ಈಗಿನ ಎಷ್ಟೋ ಹುಡುಗರಿಗೆ ಗೊತ್ತಿಲ್ಲ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾದದ್ದು ಇರಾನಿಗೆ ಅದಿರು ಮಾರುವ ಲೆಕ್ಕದಲ್ಲಿ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಆ ವ್ಯವಹಾರ ಬಿದ್ದುಹೋಯಿತು, ಗಣಿ ಮಾತ್ರ ನಿಲ್ಲಲಿಲ್ಲ. ಅದಿರನ್ನು ಪುಡಿ ಮಾಡಿ ನೀರಿಗೆ ಕಲಸಿ ಪೈಪಿನಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರಿಗೆ ಅಂತಲೇ ಲಕ್ಯಾ ಅಣೆಕಟ್ಟು ಕಟ್ಟಿದರು. ಅಗೆದ ಗುಡ್ಡದ ಮಣ್ಣು ಮಳೆಗೆ ಭದ್ರಾ ನದಿಗಿಳಿಯುತ್ತಿತ್ತು. ಜನ ವರ್ಷಗಟ್ಟಲೆ ಹೋರಾಡಿದರು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರ ಹೆಸರಿನಲ್ಲೇ ಸುಪ್ರೀಂ ಕೋರ್ಟ್ ತೀರ್ಪಿದೆ. ಗಣಿ ನಿಲ್ಲಿಸಿ ಅಂತ 2002ರಲ್ಲಿ ಕೋರ್ಟು ಹೇಳಿತು, 2005ರ ಕೊನೆಗೆ ಗಣಿ ನಿಂತಿತು. ಕಳಸದಿಂದ ಕಾರ್ಕಳದ ಕಡೆ ಹೋಗುವಾಗ ಗಣಿಯವರ ಹಳೆ ಟೌನ್‌ಶಿಪ್ ಸಿಗುತ್ತದೆ. ಒಂದು ಐದು ನಿಮಿಷ ಗಾಡಿ ನಿಲ್ಲಿಸಿ ನೋಡಿ. ಸಿಂಗಳೀಕ ಇರುವ ಕಾಡಿನ ಮಧ್ಯೆ ಇಷ್ಟೆಲ್ಲಾ ಕಟ್ಟಿದ್ದರಾ ಅನ್ನಿಸುತ್ತದೆ.

ಈಗ ಎಲ್ಲರೂ ಕೇಳುವ ಪ್ರಶ್ನೆ, ಇಂಬಳ, ಅಂದರೆ ಕಾಡಿನ ಜಿಗಣೆ. ಇರುತ್ತವೆ, ಸಿಕ್ಕಾಪಟ್ಟೆ ಇರುತ್ತವೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹುಲ್ಲುಗಾವಲಿಗಿಂತ ಶೋಲಾದೊಳಗೆ ಜಾಸ್ತಿ, ದಾರಿ ಪಕ್ಕದ ಎಲೆಯ ತುದಿಯಲ್ಲಿ ಎದ್ದು ನಿಂತು ನಿಮಗೇ ಕಾಯುತ್ತಿರುತ್ತವೆ. ಕಚ್ಚಿದ್ದು ಗೊತ್ತಾಗುವುದಿಲ್ಲ, ಅದು ಬಿಟ್ಟುಹೋದ ಮೇಲೂ ರಕ್ತ ತುಂಬಾ ಹೊತ್ತು ಹರಿಯುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಹಿರುಡಿನ್ ಥರದ ಪದಾರ್ಥ ಸೇರಿಸುತ್ತದೆ, ಅಷ್ಟೇ. ನೋಡಲು ಭಯಂಕರ, ಆದರೆ ಹೆದರುವಂಥದ್ದೇನಲ್ಲ. ಊರಿನವರು ಹೊಗೆಸೊಪ್ಪು ನೆನೆಸಿದ ಎಣ್ಣೆ ಹಚ್ಚಿಕೊಳ್ಳುತ್ತಾರೆ, ಕೆಲವರು ಸುಣ್ಣ, ಕೆಲವರು ಉಪ್ಪಿನ ಗಂಟು. ಮಳೆಯಲ್ಲಿ ಎಲ್ಲವೂ ಬೇಗ ತೊಳೆದುಹೋಗುತ್ತವೆ. ನನ್ನ ಪ್ರಕಾರ ಉದ್ದ ಕಾಲುಚೀಲದೊಳಗೆ ಪ್ಯಾಂಟ್ ತುರುಕಿ, ನಿಂತಲ್ಲೆಲ್ಲಾ ಒಮ್ಮೆ ಕಾಲು ನೋಡಿಕೊಳ್ಳುವುದೇ ಸಾಕು. ಕಚ್ಚಿಕೊಂಡಿದ್ದರೆ ಉಗುರಿನಿಂದ ಬುಡದಲ್ಲಿ ಮೆಲ್ಲಗೆ ಸರಿಸಿ, ಕಿರುಚಿಕೊಂಡು ಎಳೆಯಬೇಡಿ. ಹೆಚ್ಚು ಹೊತ್ತು ಕೂತು ಫೋಟೋ ತೆಗೆಸಿಕೊಳ್ಳುವವರನ್ನೇ ಅವು ಹುಡುಕಿಕೊಂಡು ಬರುತ್ತವೆ. ಅದರಲ್ಲಿ ನನಗೆ ಸ್ವಲ್ಪ ಖುಷಿಯೂ ಇದೆ.

ಅನುಮತಿ ಮೊದಲೇ ಆನ್‌ಲೈನಿನಲ್ಲಿ ತೆಗೆದುಕೊಳ್ಳಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿಯಿದೆ. ಮೇಲೆ ಟೆಂಟ್ ಹಾಕುವಂತಿಲ್ಲ, ಕತ್ತಲಾಗುವ ಮುಂಚೆ ಇಳಿಯಲೇಬೇಕು. ಕೆಲವರಿಗೆ ಇದು ಕಿರಿಕಿರಿ. ನನಗಂತೂ ಮಿತಿ ಇನ್ನೂ ಕಡಿಮೆಯಾದರೂ ಆದೀತು, ಯಾಕೆಂದರೆ ಶನಿವಾರ ಭಾನುವಾರದ ಸಾಲು ನೋಡಿದರೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡೇ ಇಲ್ಲಿಗೆ ಬಂದಿದೆಯಾ ಅನ್ನಬೇಕು. ಸ್ಪೀಕರ್ ಹಾಕಿಕೊಂಡು ನಡೆಯುವವರು ಬೇರೆ. ಮಂಜಿನೊಳಗಿಂದ ವಿಸ್ಲಿಂಗ್ ಥ್ರಶ್ ಹಕ್ಕಿ ಯಾರೋ ಹುಡುಗ ಸುಮ್ನೆ ಸಿಳ್ಳೆ ಹಾಕಿಕೊಂಡು ಹೋಗುವ ಹಾಗೆ ಕೂಗುತ್ತಿರುವಾಗ, ಇವರ ಡಬ್ಬಾ ಡಿಜೆ ಯಾರಿಗೆ ಬೇಕು ಹೇಳಿ?

ಸಾಧ್ಯವಾದರೆ ಮಂಗಳವಾರ ಬುಧವಾರ ರಜೆ ಹಾಕಿ ಹೋಗಿ. ತೀರಾ ಜೋರು ಮಳೆಗೆ ಚಾರಣ ನಿಲ್ಲಿಸುವುದೂ ಉಂಟು, ಹೊರಡುವ ಮುಂಚೆ ಹೋಮ್‌ಸ್ಟೇಗೆ ಒಂದು ಫೋನ್ ಮಾಡಿ. ಹಳ್ಳ ತುಂಬಿದೆ, ದಾಟುವುದು ಬೇಡ ಅಂತ ಗೈಡ್ ಹೇಳಿದರೆ ಅಲ್ಲಿಗೆ ಮುಗಿಯಿತು, ವಾದ ಮಾಡಬೇಡಿ. ವಾಪಸ್ ಬರುವಾಗ ಟೈಮ್ ಇದ್ದರೆ ಎಸ್.ಕೆ. ಬಾರ್ಡರ್ (ಹಳೆ ಸೌತ್ ಕೆನರಾ ಜಿಲ್ಲೆಯ ಗಡಿ) ಮೇಲಿಂದ ಕಾರ್ಕಳಕ್ಕೆ ಇಳಿಯಿರಿ. ಆ ದಾರಿಯಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದುಕೊಂಡರೆ ಸಾಕು, ಒದ್ದೆ ಬಟ್ಟೆಯೂ ನೆನಪಾಗುವುದಿಲ್ಲ.