ಹತ್ತು ಗಂಟೆ ಹತ್ತು ನಿಮಿಷ

ನಮ್ಮ ಡ್ರಾಯಿಂಗ್ ಹಾಲಿನ ಕಿಟಕಿ ಪಕ್ಕ ಮೂಗು ಮುಕ್ಕಾದ ಒಂದು ಪ್ಲಾಸ್ಟರ್ ತಲೆ ಇತ್ತು. ಮೊದಲ ವರ್ಷವೆಲ್ಲ ಅದನ್ನೇ ಬರೆದೆವು. ಎಡದಿಂದ, ಬಲದಿಂದ, ಬೆಳಕಿಗೆ ಬೆನ್ನು ಹಾಕಿ. ಎರಡನೇ ವರ್ಷ ಹೊಸದಾಗಿ ಬಂದ ಮೇಷ್ಟ್ರು ಒಂದು ದಿನ ಅದಕ್ಕೆ ಬಟ್ಟೆ ಮುಚ್ಚಿ, "ನಾಳೆ ಎಲ್ಲರೂ ಒಂದೊಂದು ಕೈಗಡಿಯಾರದ ಜಾಹೀರಾತು ಕತ್ತರಿಸಿಕೊಂಡು ಬನ್ನಿ" ಎಂದರು. ನಮಗೆ ಒಳಗೊಳಗೇ ನಗು. ರದ್ದಿ ಪೇಪರ್ ನೋಡಿ ಬರೆಯೋದಕ್ಕೆ ಕಾಲೇಜು ಯಾಕೆ ಬೇಕು?

ಮರುದಿನ ಮೂರು ಗಂಟೆ ಕೂರಿಸಿದರು. 2ಬಿ ಪೆನ್ಸಿಲ್, ಸ್ಕೇಲ್ ಮುಟ್ಟುವಂತಿಲ್ಲ. ಕೊನೆಗೆ ಹಾಳೆಗಳನ್ನೆಲ್ಲ ಗೋಡೆಗೆ ಸಾಲಾಗಿ ಸಿಕ್ಕಿಸಿದಾಗ ಹಿಂದಿನ ಬೆಂಚಿನಿಂದ ಯಾರೋ, "ಅರೆ, ಎಲ್ಲದರಲ್ಲೂ ಹತ್ತೂ ಹತ್ತು!" ಅಂದ. ಹದಿನೆಂಟು ಗಡಿಯಾರ, ಬೇರೆ ಬೇರೆ ಕಂಪನಿ, ಟೈಮ್ ಮಾತ್ರ ಒಂದೇ. ಕತ್ತರಿಸುವಾಗ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಮೇಷ್ಟ್ರು ಕಾರಣ ಹೇಳಲಿಲ್ಲ. ಅದೇ ಗಡಿಯಾರವನ್ನು 12:05ಕ್ಕೆ ಬರೆಯಿರಿ ಎಂದರು. ಬರೆದೆವು. ಹನ್ನೆರಡರ ಕೆಳಗಿದ್ದ ಕಂಪನಿಯ ಹೆಸರಿನ ಮೇಲೆಯೇ ಮುಳ್ಳು ಕೂತಿತು. 8:20ಕ್ಕೆ ಬರೆಯಿರಿ ಎಂದರು. ಗಡಿಯಾರ ಮುಖ ಜೋಲು ಹಾಕಿಕೊಂಡಿತು. ಹತ್ತೂ ಹತ್ತರಲ್ಲಿ ಎರಡು ಮುಳ್ಳೂ ಹೆಸರನ್ನು ತೋಳಲ್ಲಿ ಹಿಡಿದಂತೆ ನಿಲ್ಲುತ್ತವೆ, ಮುಖ ನಗುತ್ತದೆ. ನಮ್ಮ ಕಣ್ಣಿಗಾಗಿ ಯಾರೋ ಕೂತು ಆರಿಸಿದ ಹೊತ್ತು ಅದು.

ಸುತ್ತಲಿನ ಚಿತ್ರಗಳು ನಮ್ಮ ಕಣ್ಣನ್ನು ಹೀಗೆ ರೂಪಿಸುವುದಕ್ಕೆ 'ದೃಶ್ಯ ಸಂಸ್ಕೃತಿ' ಅನ್ನುವ ದೊಡ್ಡ ಹೆಸರಿದೆ ಎಂದು ಗೊತ್ತಾದದ್ದು ಥಿಯರಿ ತರಗತಿಯಲ್ಲಿ. ಫ್ರೆಂಚ್ ಚಿಂತಕ ರೋಲಾಂ ಬಾರ್ತ್ 1964ರಲ್ಲಿ ಒಂದು ಪಾಸ್ತಾ ಜಾಹೀರಾತನ್ನು ಹಿಡಿದು, ಅದರ ಟೊಮೆಟೊ, ದೊಣ್ಣೆಮೆಣಸಿನಕಾಯಿಯ ಬಣ್ಣಗಳೇ ಹೇಗೆ 'ಇಟಲಿತನ'ವನ್ನು ಮಾರುತ್ತವೆ ಎಂದು ಬಿಡಿಸಿ ತೋರಿಸಿದ್ದನ್ನು ಅಲ್ಲಿ ಓದಿದೆವು. ನಿಜ ಹೇಳಬೇಕೆಂದರೆ, ಗಡಿಯಾರ ಬರೆಯದೇ ಇದ್ದಿದ್ದರೆ ಅದು ನನಗೆ ಪರೀಕ್ಷೆಯ ಐದು ಅಂಕದ ಪ್ರಶ್ನೆಯಾಗಿ ಉಳಿಯುತ್ತಿತ್ತು.

ಆ ಗಡಿಯಾರಗಳಿಗೆ ಅಂಕವೇನೂ ಸಿಗಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಹಾಳೆ ಮಗುಚುತ್ತಾ, "ಇದೆಲ್ಲ ಕಾಪಿ. ಸ್ವಂತ ಕೆಲಸ ಎಲ್ಲಿ?" ಎಂದರು. ಅವರ ಕೈಯಲ್ಲೂ ಗಡಿಯಾರವಿತ್ತು. ನಾನು ಸುಮ್ಮನಿದ್ದೆ.

ಈಗ ನಾನೂ ಚಿತ್ರಕಲೆ ಕಲಿಸುತ್ತೇನೆ. ಹೋದ ವರ್ಷ ತರಗತಿಯಲ್ಲೇ, ಚಿತ್ರ ಬರೆದುಕೊಡುವ ಒಂದು ಎಐ ಆ್ಯಪ್‌ಗೆ ಮೂರು ಮುಕ್ಕಾಲು ತೋರಿಸುವ ಕೈಗಡಿಯಾರ ಕೇಳಿದೆವು. ಪಟ್ಟಿಯ ಚರ್ಮದ ಸುಕ್ಕು, ಗಾಜಿನ ಹೊಳಪು, ಎಲ್ಲ ಅಚ್ಚುಕಟ್ಟು. ಮುಳ್ಳುಗಳು ಮಾತ್ರ ಹತ್ತೂ ಹತ್ತರಲ್ಲಿ. ಮತ್ತೆ ಕೇಳಿದರೂ ಅದೇ. "ಸರ್, ಇದಕ್ಕೆ ಟೈಮ್ ನೋಡೋಕೆ ಬರಲ್ಲ" ಎಂದು ಹುಡುಗಿಯೊಬ್ಬಳು ನಕ್ಕಳು. ಅದು ನೋಡಿ ಕಲಿತದ್ದು ನಾವು ಕತ್ತರಿಸಿ ತಂದಂಥ ಚಿತ್ರಗಳನ್ನೇ ಅಲ್ಲವೆ? ಅದೆಷ್ಟೋ ಜಾಹೀರಾತುಗಳ ಅಭ್ಯಾಸಬಲ. ಇಂಥ ಆ್ಯಪ್‌ಗಳು ನಾಳೆ ಸುಧಾರಿಸಬಹುದು. ಆದರೆ ಅವು ಇನ್ನೂ ಏನೇನನ್ನು ಹೀಗೆ ರೂಢಿಯಾಗಿ ನುಂಗಿವೆಯೋ, ಯಾರ ಮುಖ, ಯಾವ ಮೈಬಣ್ಣ, ಎಂಥ ಮನೆ, ಅದನ್ನು ಹಿಡಿಯುವ ಕಣ್ಣು ತರಗತಿಯಲ್ಲಿ ತಯಾರಾಗಬೇಕು.

ಹಾಗಂತ ಪ್ಲಾಸ್ಟರ್ ತಲೆಯನ್ನು ಗುಜರಿಗೆ ಹಾಕಿ, ಬರೀ ಪರದೆ ನೋಡಿ ಚರ್ಚೆ ಮಾಡೋಣ ಎನ್ನುವವರ ಮಾತು ನನಗೆ ಒಗ್ಗುವುದಿಲ್ಲ. ಮುಳ್ಳು ಎಲ್ಲಿದೆ ಎಂದು ನಮಗೆ ಹೊಳೆದದ್ದು ಕೈ ಅದನ್ನು ಬರೆದ ಮೇಲೆ. ನಮ್ಮ ಮೇಷ್ಟ್ರು ಆ ಹಾಳೆಗಳಲ್ಲೂ ಶೇಡಿಂಗ್ ತಪ್ಪನ್ನು ಬಿಟ್ಟವರಲ್ಲ.

ನನ್ನ ಹಾಳೆ ಇನ್ನೂ ನನ್ನ ಹತ್ತಿರವಿದೆ. ಅಂಚಿನಲ್ಲಿ ಅವರ ಕೈಬರಹ: "ಮುಳ್ಳಿನ ನೆರಳು ಎಲ್ಲಿ?" ನೆರಳು ಜಾಹೀರಾತಿನಲ್ಲೇ ಇರಲಿಲ್ಲ ಎಂದು ಹೇಳಲು ಆಗ ನನಗೆ ತೋಚಲಿಲ್ಲ.